ಖಾಲಿ ಹಾಲ್‌ನ ಅರ್ಧ ನಿಮಿಷ

ನಾನು ನಿಂತಿದ್ದು ವೇದಿಕೆಯ ಎದುರು, ಎಡಗಡೆಯ ಎರಡನೆಯ ಕಂಬದಿಂದ ನಾಲ್ಕು ಹೆಜ್ಜೆ ಹಿಂದೆ. ಮುಂದೆ ಮಿಕ್ಸರ್ ಇಟ್ಟ ಮೇಜು, ಬೆನ್ನಿಗೆ ಉತ್ತರದ ಕಿಟಕಿ. ಊರು ಮಸ್ಕಿ. ಫೆಬ್ರುವರಿಯ ಒಂದು ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಗಡಿಯಾರ ನೋಡಿದ್ದು ಚೆನ್ನಾಗಿ ನೆನಪಿದೆ. ಕಾರ್ಯಕ್ರಮ ಹತ್ತೂವರೆಗೆ ಎಂದು ಕಾರ್ಡಿನಲ್ಲಿ ಅಚ್ಚಾಗಿತ್ತು, ಮುಖ್ಯ ಅತಿಥಿಗಳು ಇನ್ನೂ ಬಂದಿರಲಿಲ್ಲ. ಅತಿಥಿಗಳು ತಡ ಮಾಡಿದಾಗ ಜನ ಮೈಕಿನವನ ಮುಖ ನೋಡುತ್ತಾರೆ, ಅವನೇ ಅವರನ್ನು ಎಲ್ಲೋ ಬಚ್ಚಿಟ್ಟಿದ್ದಾನೆ ಎಂಬಂತೆ.

ನಿಂತ ಜಾಗ, ಹೊತ್ತು ಎಲ್ಲವನ್ನೂ ಮೊದಲೇ ಹೇಳುವುದಕ್ಕೆ ಕಾರಣವಿದೆ. ಆ ದಿನ ಕಣ್ಣಿಗೆ ಕಂಡದ್ದಕ್ಕೆ ಮಾತ್ರ ನಾನು ಸಾಕ್ಷಿ. ಕಿವಿಗೆ ಬಿದ್ದದ್ದರ ಬಗ್ಗೆ ನನ್ನ ಸಾಕ್ಷ್ಯ ನಡೆಯುವುದಿಲ್ಲ. ಮೂವತ್ತು ವರ್ಷ ಸಿಂಧನೂರಿನಲ್ಲಿ ಸೌಂಡ್ ಸರ್ವಿಸ್ ನಡೆಸಿದವನು ಹೀಗೆ ಹೇಳಿದರೆ ನಿಮಗೆ ನಗು ಬರಬಹುದು. ನನಗೂ ಒಮ್ಮೊಮ್ಮೆ ಬರುತ್ತದೆ, ಆದರೆ ಪೂರ್ತಿ ಬರುವ ಮೊದಲೇ ನಿಂತುಹೋಗುತ್ತದೆ.

ಇದನ್ನೆಲ್ಲ ಬರೆಯಬೇಕೆನ್ನಿಸಿದ್ದು ಹೋದ ವಾರ. ಅಂಗಡಿಯಲ್ಲಿ ಹಳೆಯ ಆಂಪ್ಲಿಫೈಯರ್ ಒಂದನ್ನು ಬಿಚ್ಚಿ ಕರೆಂಟು ಕೊಟ್ಟು ನೋಡುತ್ತಿದ್ದೆ. ಒಳಗಿನ ಧೂಳು ಬಿಸಿಯಾಗಿ, ಹುರಿದ ಜೋಳದ ಹಿಟ್ಟಿಗೂ ಸುಟ್ಟ ಕೂದಲಿಗೂ ನಡುವಿನ ಒಂದು ವಾಸನೆ ಎದ್ದಿತ್ತು. ಆಗ ಒಬ್ಬ ಹೆಣ್ಣುಮಗಳು ಬಂದರು. ಮಸ್ಕಿ ಕಡೆಯ ಅಂಗನವಾಡಿ ಟೀಚರ್. ಕೂತವರು ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು:

"ನನ್ನ ಮಗ ಸೌಂಡ್ ಇಂಜಿನಿಯರ್ ಆಗ್ತೀನಿ ಅಂತ ಹಟ ಹಿಡದಾನ್ರೀ. ರೋಡ್ ಇಂಜಿನಿಯರ್ ನೋಡೀನಿ, ಕರೆಂಟಿನ ಇಂಜಿನಿಯರ್ ನೋಡೀನಿ. ಸಪ್ಪಳಕ್ಕೂ ಇಂಜಿನಿಯರ್ ಬೇಕೇನ್ರೀ? ನಮ್ಮನ್ಯಾಗ ಅದು ತಾನ ಆಗ್ತೈತಿ."

ನಾನು ನಕ್ಕೆ. ಅವರು ನಗಲಿಲ್ಲ. "ನಗಬ್ಯಾಡ್ರೀ. ಅದ್ರಾಗ ಮುಂದ ಏನರ ಐತೋ ಇಲ್ಲೋ, ಅಷ್ಟ ಹೇಳ್ರಿ."

ಮೊದಲಾಗಿದ್ದರೆ ಒಂದು ಚಹಾ ಮುಗಿಯುವುದರೊಳಗೆ ಉತ್ತರ ಕೊಟ್ಟು ಕಳಿಸುತ್ತಿದ್ದೆ. ಈ ಪ್ರಶ್ನೆ ಹಿಡಿದು ವರ್ಷಕ್ಕೆ ನಾಲ್ಕೈದು ಮಂದಿ ಬರುತ್ತಾರೆ, ಪಿಯುಸಿ ಫಲಿತಾಂಶ ಬಂದ ಮೇಲೆ ಇನ್ನೂ ಹೆಚ್ಚು. ಕೆಲಸ ಇಲ್ಲ ಎಂದು ಯಾರು ಹೇಳುತ್ತಾರೆ? ಮದುವೆ ಇದೆ, ನಿಶ್ಚಯ ಇದೆ, ಉರುಸು ಇದೆ, ಪುರಾಣ ಪ್ರವಚನ ಇದೆ, ಪಾರ್ಟಿಯವರ ಸಭೆ ಇದೆ. ಆಟೋದ ಮೇಲೆ ಮೈಕು ಕಟ್ಟಿ ಊರು ಸುತ್ತಿಸುವ ಪ್ರಚಾರವನ್ನು ಈಗ ಯಾರೂ ಬಾಯಿಂದ ಕೂಗುವುದಿಲ್ಲ, ಮೊದಲೇ ರೆಕಾರ್ಡ್ ಮಾಡಿಸುತ್ತಾರೆ. ಲಿಂಗಸುಗೂರಿನ ಕೋಚಿಂಗ್ ಸೆಂಟರಿನವರು ಪಾಠದ ವಿಡಿಯೋ ಮಾಡುತ್ತಾರೆ, ಅದರ ಧ್ವನಿ ಸರಿಮಾಡುವವರು ಬೇಕು. ಜನಪದ ಹಾಡು, ತತ್ವಪದ ಹಾಡುವವರು ಮೊಬೈಲಿಗೆ ಹಾಡು ಬಿಡುತ್ತಾರೆ, ಅವರಿಗೊಬ್ಬ ಬೇಕು. ದೊಡ್ಡ ಊರಿಗೆ ಹೋದರೆ ಸಿನಿಮಾ, ಧಾರಾವಾಹಿ, ಡಬ್ಬಿಂಗು. ಇಷ್ಟನ್ನೂ ಒಪ್ಪಿಸಿ "ಭವಿಷ್ಯ ಐತ್ರೀ, ಮಗ ಗಟ್ಟಿ ಇರಬೇಕಷ್ಟ" ಅನ್ನುತ್ತಿದ್ದೆ.

ಆ ಟೀಚರಿಗೆ ಮಾತ್ರ, "ಮುಂದಿನ ವಾರ ಮಗನ್ನ ಕರಕೊಂಡು ಬರ್ರೀ, ಹೇಳ್ತೀನಿ" ಎಂದೆ. ಅವರು ಹೋದ ಮೇಲೂ ಆಂಪ್ಲಿಫೈಯರ್ ಆರಿಸುವುದು ಮರೆತು ಕೂತಿದ್ದೆ. ನೆನಪಾಗುತ್ತಿದ್ದದ್ದು ನಸ್ರೀನ್.

ನಸ್ರೀನ್ ಲಿಂಗಸುಗೂರಿನ ಟೇಲರ್ ಖಾಜಾಸಾಬನ ಮಗಳು. ಖಾಜಾಸಾಬನೂ ನಾನೂ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು, ಒಂದೇ ವಿಷಯದಲ್ಲಿ ನಪಾಸಾದವರು. ಹುಡುಗಿ ಬಿ.ಎಸ್ಸಿ. ಮುಗಿಸಿದ್ದಳು. ಹೈದರಾಬಾದಿನಲ್ಲಿ ಸೌಂಡ್ ಇಂಜಿನಿಯರಿಂಗ್ ಕಲಿಸುವ ಒಂದು ಸಂಸ್ಥೆಯ ಅರ್ಜಿ ತುಂಬಿ ಇಟ್ಟುಕೊಂಡಿದ್ದಳು. ಅಪ್ಪನ ಸಹಿ ಒಂದು ಬಾಕಿ. ಖಾಜಾಸಾಬ್ ಆಗಲಿ ಎಂದೂ ಅನ್ನಲಿಲ್ಲ, ಆಗದು ಎಂದೂ ಅನ್ನಲಿಲ್ಲ. ಮಗಳನ್ನು ಸಿಂಧನೂರಿನ ನನ್ನ ಅಂಗಡಿಗೆ ಕರೆತಂದ.

"ಮೂರು ತಿಂಗಳು ನಿನ್ನ ಹತ್ರ ಕೆಲಸ ನೋಡ್ತಾಳ. ಆಮ್ಯಾಲ ನೀ ಏನ್ ಹೇಳ್ತಿ ಅದ" ಎಂದ ಅವಳ ಎದುರು. ಅವಳು ವೈರುಗಳ ಗಂಟು ನೋಡುತ್ತ ಒಳಗೆ ಹೋದ ಮೇಲೆ ನನ್ನ ತೋಳು ಹಿಡಿದು ಹೊರಗೆ ಎಳೆದ. "ಭೈ, ಆಕಿಗೆ ಬ್ಯಾಡ ಅಂತ ಹೇಳು. ನಾ ಹೇಳಿದ್ರ ಅಳ್ತಾಳ. ನೀ ಹೇಳಿದ್ರ ನಂಬ್ತಾಳ. ನಿನ್ನ ಕಿವಿ ಅಂದ್ರ ಈ ಮೂರು ತಾಲೂಕಿನ್ಯಾಗ ಹೆಸರೈತಿ."

ನಾನು ಮಾತು ಕೊಟ್ಟೆ. ಹಾಗಾಗಿ ಆ ಮೂರು ತಿಂಗಳು ಅವಳ ಪಾಲಿಗೆ ಪರೀಕ್ಷೆ. ಅದರ ಫಲಿತಾಂಶ ಮೊದಲೇ ಬರೆದು ನನ್ನ ಜೇಬಿನಲ್ಲಿತ್ತು. ಅವಳಿಗೆ ಇದು ಗೊತ್ತಿರಲಿಲ್ಲ.

ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತಿದ್ದಳು. ಲಿಂಗಸುಗೂರಿನಿಂದ ಮಸ್ಕಿ, ಮಸ್ಕಿಯಿಂದ ಸಿಂಧನೂರು. ಒಣ ಹೊಲ ಕಳೆದು ಕಾಲುವೆಯ ಹಸಿರು ಶುರುವಾಗುವ ಕಡೆ ಬಸ್ಸಿನ ಗಾಳಿಯ ಸದ್ದು ಬದಲಾಗುತ್ತದೆ ಎಂದು ಬಂದ ಎರಡನೆಯ ದಿನ ಹೇಳಿದಳು. ನಾನು ಅದೇ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. "ಹೌದು ಹೌದು" ಎಂದೆ.

ಅವಳಿಗೊಂದು ರೂಢಿ ಇತ್ತು. ಯಾವ ಜಾಗಕ್ಕೆ ಹೋದರೂ ನಾವು ವೈರು ಬಿಚ್ಚುವ ಮೊದಲು ಅಂಗೈ ಅಗಲದ ಒಂದು ರೆಕಾರ್ಡರ್ ತೆಗೆದು ನಡುವೆ ಇಟ್ಟು, ಎಲ್ಲರನ್ನೂ ಹೊರಗೆ ಕಳಿಸಿ, ಅರ್ಧ ನಿಮಿಷ ಸುಮ್ಮನೆ ರೆಕಾರ್ಡ್ ಮಾಡುತ್ತಿದ್ದಳು. ಹಾಡಿಲ್ಲ, ಮಾತಿಲ್ಲ. ಖಾಲಿ ಜಾಗ. ಸಿನಿಮಾದವರು ಹೀಗೆ ಮಾಡುತ್ತಾರಂತೆ, ಮಾತಿನ ನಡುವಿನ ತೂತುಗಳಿಗೆ ತೇಪೆ ಹಾಕಲು ಆ ಜಾಗದ್ದೇ ಸುಮ್ಮನಿರುವಿಕೆ ಬೇಕಾಗುತ್ತದಂತೆ. ನಮ್ಮ ಹುಡುಗರಿಗೆ ಇದೊಂದು ತಮಾಷೆ. "ಏನ್ ಹಿಡದಿ ಅಕ್ಕಾ ಇವತ್ತು?" ಎಂದರೆ, "ಲಿಂಗಸುಗೂರು ಹೈಸ್ಕೂಲಿನ ಎಂಟನೇ ಕ್ಲಾಸು, ಭಾನುವಾರದ್ದು" ಎನ್ನುವಳು ಗಂಭೀರವಾಗಿ. ಟೇಲರ್ ಮಗಳು, ತೇಪೆಯ ಬೆಲೆ ಗೊತ್ತಿದ್ದವಳು.

ಒಂದು ದಿನ ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ, ಅಮಾವಾಸ್ಯೆ ರಜೆಗೆಂದು ಮಷೀನ್ ನಿಲ್ಲಿಸಿದ ಮೇಲೆ ಹಿಡಿದದ್ದನ್ನು ನನಗೆ ಕೇಳಿಸಿದಳು. ಹೆಡ್‌ಫೋನ್ ನನ್ನ ಕಿವಿಗೆ ಹಾಕಿ, "ಕಾಕಾ, ಮಷೀನ್ ಬಂದ್ ಆಗಿ ತಾಸಾಗೈತಿ. ಆದ್ರೂ ಬೆಲ್ಟು ಇನ್ನಾ ಸಣ್ಣಗ ಅಳಾಕತ್ತೈತಿ, ಕೇಳ್ರಿ" ಎಂದಳು.

ನಾನು ಕಣ್ಣು ಮುಚ್ಚಿ ಕೇಳಿದೆ. ಎಂದಿನಂತೆ ಎಲ್ಲದರ ಅಡಿಯಲ್ಲಿ ಹರಿಯುವ ಆ ಸಣ್ಣ ಸೀಟಿ ಇತ್ತು. ಬೇರೆ ಏನೂ ಇರಲಿಲ್ಲ.

"ಹೂಂ, ಚಲೋ ಬಂದೈತಿ. ಸೀಟಿಯೊಂದು ಸ್ವಲ್ಪ ಜಾಸ್ತಿ" ಎಂದೆ.

ಅವಳು ಹೆಡ್‌ಫೋನನ್ನು ತನ್ನ ಕಿವಿಗೆ ಹಾಕಿಕೊಂಡು ಎರಡು ಸಲ ಕೇಳಿದಳು. "ಸೀಟಿ? ಸೀಟಿ ಎಲ್ಲೈತಿ ಕಾಕಾ?"

ನನ್ನನ್ನು ನೋಡಿದಳು. ತುಂಬ ಹೊತ್ತೇನೂ ನೋಡಲಿಲ್ಲ. ಆಮೇಲೆ ರೆಕಾರ್ಡರನ್ನು ಚೀಲಕ್ಕೆ ಹಾಕಿ, "ಇರ್ಬೇಕ್ರೀ, ನನಗ ಗೊತ್ತಾಗ್ಲಿಲ್ಲ" ಎಂದಳು. ಅಂದಿನಿಂದ ಕೆಲಸದ ವೇಳೆ ನನ್ನ ಬಲಗಡೆ ನಿಲ್ಲುವುದನ್ನು ಬಿಟ್ಟು ಎದುರಿಗೆ ನಿಲ್ಲತೊಡಗಿದಳು, ಅವಳ ತುಟಿ ನನಗೆ ಕಾಣುವಂತೆ. ಇದನ್ನು ನಾನು ಗಮನಿಸಿದ್ದು ಎಷ್ಟೋ ದಿನಗಳ ಮೇಲೆ.

ನಿಮಗೆ ಈಗಾಗಲೇ ತಿಳಿದಿರಬೇಕು. ನನಗೆ ಮಾತ್ರ ತಿಳಿದಿರಲಿಲ್ಲ, ಅಥವಾ ತಿಳಿದೂ ಅದರ ಕಡೆ ಮುಖ ತಿರುಗಿಸಿರಲಿಲ್ಲ. ಆ ಸೀಟಿ ನನ್ನ ಕಿವಿಯೊಳಗೆ ಹತ್ತು ವರ್ಷಗಳಿಂದ ಇತ್ತು. ನಾನು ಅದನ್ನು ಸೀಟಿ ಅಂದುಕೊಂಡಿರಲೇ ಇಲ್ಲ. ಲೋಕ ಸುಮ್ಮನಾದಾಗ ಹಾಗೆಯೇ ಕೇಳಿಸುತ್ತದೆ, ಎಲ್ಲರಿಗೂ ಕೇಳಿಸುತ್ತದೆ ಎಂದುಕೊಂಡಿದ್ದೆ.

ಕಿವಿ ಹೋದವನು ಹೇಗೆ ಸೌಂಡ್ ಸರ್ವಿಸ್ ನಡೆಸುತ್ತಾನೆ ಎಂದು ಕೇಳುತ್ತೀರಾ? ಕಣ್ಣಿನಿಂದ. ಮಿಕ್ಸರಿನ ಮೇಲೆ ದೀಪಗಳಿರುತ್ತವೆ. ಹಸಿರು ಕುಣಿಯಬೇಕು, ಹಳದಿ ಇಣುಕಬೇಕು, ಕೆಂಪು ಬರಕೂಡದು. ಕೊನೆಯ ಸಾಲಿನ ಮುದುಕರು ಕಿವಿಗೆ ಕೈ ಅಡ್ಡ ಹಿಡಿದರೆ ಏರಿಸು, ತಾಯಂದಿರು ಕೂಸಿನ ಕಿವಿ ಮುಚ್ಚಿದರೆ ಇಳಿಸು. ಮೈಕು ಕೂಗಿಕೊಂಡಾಗ ಸಭೆಯ ಮುಖಗಳೆಲ್ಲ ಒಂದೇ ಸಲ ಹುಣಸೆಹಣ್ಣು ತಿಂದಂತೆ ಆಗುತ್ತವೆ, ಆ ಕ್ಷಣದಲ್ಲೇ ಸದ್ದು ಇಳಿಸುವ ಗುಬ್ಬಿ ತಿರುವು. ಬಾಕ್ಸಿನ ಮೇಲೆ ಅಂಗೈ ಇಟ್ಟರೆ ದಪ್ಪ ಸದ್ದು ಎದೆಗೇ ಬರುತ್ತದೆ. ನಮ್ಮ ಕಡೆಯ ಜನಕ್ಕೆ ಬೇಕಾದದ್ದೂ ಅದೇ. ತಗಡು ಗಡಗಡ ಅನ್ನಬೇಕು, ಕುರ್ಚಿ ನಡುಗಬೇಕು. "ಎದಿ ಝಲ್ ಅಂತಲೇ ಮಾವ, ಸೌಂಡ್ ಅಂದ್ರ ನಿಂದು" ಎಂದರೆ ನನಗೆ ಶಾಲು ಹೊದಿಸಿದಷ್ಟು ಖುಷಿ. ಗೋಡೆ ಗದರಿದರೆ ಗೋಡೆ ಮೆಚ್ಚಿದೆ ಎಂದುಕೊಳ್ಳುವ ದಂಧೆ ನಮ್ಮದು.

ಮಸ್ಕಿಯ ಆ ಹಾಲ್ ಮೊದಲು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಾಗಿತ್ತು. ಬಹಳ ವರ್ಷ ಬಂದ್ ಬಿದ್ದದ್ದನ್ನು ಅಮರೇಗೌಡರು ಕೊಂಡು ಬಣ್ಣ ಹೊಡೆಸಿ, ಕೆಳಗೆ ಟೈಲ್ಸು, ಮೇಲೆ ಬಿಳಿಯ ಫಾಲ್ಸ್ ಸೀಲಿಂಗು ಹಾಕಿಸಿ ಫಂಕ್ಷನ್ ಹಾಲ್ ಮಾಡಿದ್ದರು. ಆ ಬಿಳಿ ಚಾವಣಿಯ ಹಿಂದೆ ಹಳೆಯ ತೇಗದ ತೊಲೆಗಳು ಹಾಗೇ ಇದ್ದವು. ಜನವರಿಯಲ್ಲಿ ಅಲ್ಲಿ ಕಾಯಂ ಸೌಂಡ್ ಕೂಡಿಸುವ ಕೆಲಸ ನನಗೆ ಸಿಕ್ಕಿತು. ಎರಡು ದೊಡ್ಡ ಬಾಕ್ಸುಗಳನ್ನು ನಡುವಿನ ತೊಲೆಯಿಂದ ತೂಗುಬಿಡಬೇಕಿತ್ತು.

ತೊಲೆ ಗಟ್ಟಿಯಿದೆಯೋ ಇಲ್ಲವೋ ನೋಡುವ ಒಂದು ಕ್ರಮವನ್ನು ನಮ್ಮ ಉಸ್ತಾದ್ ಕಲಿಸಿದ್ದರು. ಬಸಣ್ಣ ಉಸ್ತಾದ್, ಲಿಂಗಸುಗೂರಿನಲ್ಲಿ ಕಹಳೆ ಮೈಕಿನ ಕಾಲದಿಂದ ಇದ್ದವರು. ಮರಕ್ಕೆ ಏನನ್ನಾದರೂ ಕಟ್ಟುವ ಮೊದಲು ಬೆರಳ ಗೆಣ್ಣಿನಿಂದ ಮೂರು ಕಡೆ ಬಾರಿಸಬೇಕು, ಕಿವಿ ಹಚ್ಚಿ ಕೇಳಬೇಕು. "ಮರ ಸುಳ್ಳು ಹೇಳಂಗಿಲ್ಲೋ. ಗಟ್ಟಿ ಇದ್ರ ಗಂಟಿ ಹಂಗ ಮಾತಾಡ್ತೈತಿ. ಒರಲಿ ಹುಳ ತಿಂದಿದ್ರ ಕೆಮ್ಮತೈತಿ" ಎನ್ನುತ್ತಿದ್ದರು. ಈ ಮೂರು ತಾಲೂಕಿನ ಸೌಂಡಿನವರೆಲ್ಲ ಇವತ್ತಿಗೂ ಹಾಗೇ ಮಾಡುತ್ತಾರೆ. ಒಬ್ಬನೂ ಮೊಳೆ ಚುಚ್ಚಿ ನೋಡುವುದಿಲ್ಲ, ಇಂಜಿನಿಯರನ್ನು ಕೇಳುವುದಿಲ್ಲ. ಮರವನ್ನೇ ಕೇಳುತ್ತಾರೆ.

ಏಣಿ ಹತ್ತಿ, ಸೀಲಿಂಗಿನ ಒಂದು ಹಲಗೆ ಸರಿಸಿ, ಮೂರು ಕಡೆ ಬಾರಿಸಿದೆ. ಕಿವಿ ಹಚ್ಚಿದೆ. ಕೇಳಿಸಿದ್ದು ದಪ್ಪಗೆ ಒಂದು 'ಧಂ'. ಅದರ ಮೇಲೆ ಕೂಡಬೇಕಾಗಿದ್ದ ಗಂಟೆಯ ದನಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಇರಬೇಕಾದದ್ದು ಇದ್ದೇ ಇರುತ್ತದೆ ಎಂದುಕೊಂಡೆ. "ಗಟ್ಟಿ ಐತ್ರೀ ಗೌಡ್ರ, ನಿಮ್ಮ ಮೊಮ್ಮಕ್ಕಳ ಮದುವಿ ತನಕ ಏನೂ ಆಗಂಗಿಲ್ಲ" ಎಂದು ಏಣಿಯ ಮೇಲಿನಿಂದಲೇ ಕೂಗಿ ಹೇಳಿದೆ. ಇದನ್ನು ನಾನು ತಪ್ಪೊಪ್ಪಿಗೆ ಎಂದೇ ಬರೆಯುತ್ತಿದ್ದೇನೆ.

ಫೆಬ್ರುವರಿಯ ಆ ಭಾನುವಾರ ವೀರಭದ್ರಪ್ಪ ಮಾಸ್ತರರ ನಿವೃತ್ತಿಯ ಸನ್ಮಾನವಿತ್ತು. ಅವರ ಹಳೆಯ ವಿದ್ಯಾರ್ಥಿಗಳು ಸೇರಿ ಏರ್ಪಡಿಸಿದ್ದು. ನಾನೂ ನಸ್ರೀನೂ ಎಂಟೂವರೆಗೆ ಹೋದೆವು. ಅವಳ ಮೂರು ತಿಂಗಳು ಮುಗಿಯಲು ನಾಲ್ಕು ದಿನ ಉಳಿದಿತ್ತು. ಎಂದಿನಂತೆ ರೆಕಾರ್ಡರ್ ನಡುವೆ ಇಟ್ಟು ನಮ್ಮನ್ನೆಲ್ಲ ಹೊರಗೆ ಕಳಿಸಿದಳು. ನಾನು ಬಾಗಿಲಲ್ಲಿ ನಿಂತು ತಾಳ್ಮೆ ಕಳೆದುಕೊಂಡು ಏನೋ ಅಂದೆ. ಅವಳು ಕೈ ಎತ್ತಿ ಸುಮ್ಮನಿರಲು ಸನ್ನೆ ಮಾಡಿದಳು.

ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂತವಳು ಏಳಲೇ ಇಲ್ಲ. ಜನವರಿಯಲ್ಲಿ ಅಲ್ಲೇ ಹಿಡಿದಿದ್ದ ಅರ್ಧ ನಿಮಿಷವನ್ನೂ ಇವತ್ತಿನದನ್ನೂ ಒಂದಾದ ಮೇಲೊಂದು ಕೇಳಿದಳು. ಮೂರನೆಯ ಸಲ ಕೇಳುವಾಗ ಅವಳ ಮುಖ ಬೆಳ್ಳಗಾದದ್ದನ್ನು ನಾನು ನೋಡಿದೆ.

"ಕಾಕಾ, ಮ್ಯಾಲ ಏನೋ ಐತಿ."

"ಇಲಿ ಇರ್ಬೇಕು."

"ಇಲಿ ಓಡಾಡ್ತೈತಿ. ಇದು ಒಂದ ಜಾಗದಾಗ ಐತಿ. ಯಾರೋ ಒಂದೊಂದ ಬೆರಳಿನ ನೆಟಿಗಿ ಮುರದಂಗ. ಮುರೀತೈತಿ, ಸುಮ್ಮನಾಗ್ತೈತಿ, ಮತ್ತ ಮುರೀತೈತಿ. ಹೋದ ತಿಂಗಳದಾಗ ಇಲ್ಲ ಇದು."

ಹತ್ತು ಗಂಟೆಯ ಹೊತ್ತಿಗೆ ಜನ ತುಂಬತೊಡಗಿದರು. ಅವಳು ಸುಮ್ಮನಾಗದೆ ಅಮರೇಗೌಡರ ಹತ್ತಿರ ಹೋದಳು. ಗೌಡರು ಅವಳ ಮಾತು ಪೂರ್ತಿ ಕೇಳಿ, ಅವಳನ್ನು ಬಿಟ್ಟು ನೇರ ನನ್ನ ಮೇಜಿಗೆ ಬಂದರು.

"ಏನೋ ಸಪ್ಪಳಾ ಐತಿ ಅಂತಾಳಲ್ಲ ನಿಮ್ಮ ಹುಡುಗಿ? ನಿಮಗೇನರ ಕೇಳಾಕತ್ತೈತೇನ್ರೀ?"

ಹೆಡ್‌ಫೋನ್ ಹಾಕಿಕೊಂಡೆ. ನನ್ನ ಸೀಟಿ ಹರಿಯುತ್ತಿತ್ತು. ಗೌಡರು ನನ್ನ ಬಾಯಿ ನೋಡುತ್ತಿದ್ದರು. ನಸ್ರೀನ್ ಅವರ ಹಿಂದೆ ನಿಂತಿದ್ದಳು. ನನ್ನ ಮುಂದೆ ಮೂರು ಮಾತುಗಳಿದ್ದವು: ಕೇಳಿಸುತ್ತಿದೆ, ಕೇಳಿಸುತ್ತಿಲ್ಲ, ನನಗೆ ಕೇಳಿಸುವುದಿಲ್ಲ. ಮೊದಲನೆಯದು ಸುಳ್ಳು, ಕೊನೆಯದು ಸತ್ಯ. ನಾನು ನಡುವಿನದನ್ನು ಆರಿಸಿದೆ.

"ಏನೂ ಇಲ್ರೀ ಗೌಡ್ರ" ಎಂದೆ. ಖಾಜಾಸಾಬನಿಗೆ ಕೊಟ್ಟ ಮಾತು ನೆನಪಾಗಿ, ಅದರ ಮೇಲೊಂದು ಕಲ್ಲು ಇಟ್ಟೆ: "ಹೊಸಬಳು, ಆಕಿಗೆ ಇನ್ನಾ ಕಿವಿ ಕೂತಿಲ್ಲ."

ಗೌಡರು ಹೋದರು. ಅವಳು ಅಲ್ಲೇ ಇದ್ದಳು. ಆಗ ಅವಳು ಒಂದು ಮಾತು ಹೇಳಬಹುದಿತ್ತು. ಎಲ್ಲರ ಎದುರು, ಗಟ್ಟಿಯಾಗಿ. ನನ್ನ ಕಿವಿಯ ಸಂಗತಿ ಅವಳಿಗೆ ಗೊತ್ತಿತ್ತು. ಅವಳು ನನ್ನನ್ನು ನೋಡಿದಳು, ಗಿರಣಿಯ ದಿನ ನೋಡಿದಷ್ಟೇ ಹೊತ್ತು. ಆಮೇಲೆ ರೆಕಾರ್ಡರನ್ನು ಚೀಲಕ್ಕೆ ಹಾಕಿದಳು.

ಇನ್ನು ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ.

ಹನ್ನೊಂದು ಇಪ್ಪತ್ತಕ್ಕೆ ಹಾಲ್‌ನಲ್ಲಿ ಇನ್ನೂರರಷ್ಟು ಜನ ಕೂತಿದ್ದರು. ಮೇಜಿನ ಮೇಲಿದ್ದ ನನ್ನ ಕಪ್ಪು ವಹಿಯ ಮೇಲೆ ಹಿಟ್ಟಿನಂಥ ಪುಡಿ ಗೆರೆ ಎಳೆದಂತೆ ಬಿದ್ದಿತ್ತು. ಒರೆಸಿದೆ. ಇನ್ನೊಂದು ಸಲ ನೋಡುವಷ್ಟರಲ್ಲಿ ಅದೇ ಜಾಗದಲ್ಲಿ ಅದೇ ಗೆರೆ. ಪಕ್ಕದ ಲೋಟದ ನೀರಿನಲ್ಲಿ ಉಂಗುರಗಳು ಏಳುತ್ತಿದ್ದವು, ಆದರೆ ಆಗ ಹಾಡು ಹಚ್ಚಿರಲಿಲ್ಲ. ಪಕ್ಕದಲ್ಲಿ ನೆಲಕ್ಕಿಟ್ಟಿದ್ದ ಬಾಕ್ಸಿನ ಮೇಲೆ ಅಂಗೈ ಇಟ್ಟೆ. ಅದು ಸತ್ತ ಪ್ರಾಣಿಯಂತೆ ಸುಮ್ಮನಿತ್ತು. ನನ್ನ ಕಣ್ಣಿಗೆ ತಿಳಿದದ್ದನ್ನು ಬಾಯಿಗೆ ತರಬೇಕು ಎನ್ನುವಷ್ಟರಲ್ಲಿ ನಸ್ರೀನ್ ನನ್ನನ್ನು ಸರಿಸಿ ಮೇಜಿನ ಬಳಿ ಬಂದಳು.

ಮೊದಲು ತೊಲೆಗೆ ತೂಗುಹಾಕಿದ್ದ ಎರಡು ಬಾಕ್ಸುಗಳ ವೈರು ಕಿತ್ತಳು. ತೊಲೆಗೆ ಇನ್ನಷ್ಟು ನಡುಕ ಹೋಗದಂತೆ, ನೆಲದ ಮೇಲಿದ್ದ ಎರಡನ್ನು ಮಾತ್ರ ಉಳಿಸಿಕೊಂಡಳು. ಎಂಥ ಗಡಿಬಿಡಿಯಲ್ಲೂ ಅವಳು ಆ ಕ್ರಮ ತಪ್ಪಲಿಲ್ಲ, ಇದನ್ನು ನಾನು ಒತ್ತಿ ಹೇಳಬೇಕು. ಆಮೇಲೆ ರೆಕಾರ್ಡರನ್ನು ಮಿಕ್ಸರಿಗೆ ಜೋಡಿಸಿ, ಸದ್ದು ಏರಿಸುವ ಗುಬ್ಬಿಯನ್ನು ಮೇಲಕ್ಕೆ ದೂಡಿದಳು. ಬೆಳಿಗ್ಗೆಯ ಖಾಲಿ ಹಾಲನ್ನು ಈಗಿನ ತುಂಬಿದ ಹಾಲ್‌ಗೆ ಕೇಳಿಸಿದಳು.

ದೀಪಗಳಲ್ಲಿ ಹಸಿರು ಸಣ್ಣಗೆ ನಡುಗುತ್ತಿತ್ತು. ನಡುನಡುವೆ ಒಂದೊಂದು ಸಲ ಹಳದಿ ಚುಚ್ಚಿದಂತೆ ಮೇಲೆದ್ದು ಬೀಳುತ್ತಿತ್ತು. ನನಗೆ ಏನೂ ಕೇಳಲಿಲ್ಲ. ಮಾತಾಡುತ್ತಿದ್ದವರು ನಿಲ್ಲಿಸಿದರು. ಬೀಸಣಿಗೆ ಮಾಡಿಕೊಂಡಿದ್ದ ಕಾರ್ಡುಗಳು ನಿಂತವು. ಮುಂದಿನ ಸಾಲಿನ ಒಂದು ಕೂಸು ಮೊದಲು ತಲೆ ಎತ್ತಿತು, ಆಮೇಲೆ ಅದರ ತಾಯಿ, ಆಮೇಲೆ ಸಾಲಿಗೆ ಸಾಲು. ಹಳದಿ ಎದ್ದಾಗಲೆಲ್ಲ ಇನ್ನೂರು ಜೋಡಿ ರೆಪ್ಪೆಗಳು ಒಟ್ಟಿಗೆ ಬಡಿಯುತ್ತಿದ್ದವು. ಎಲ್ಲರೂ ಮೇಲಿನ ಬಿಳಿ ಚಾವಣಿಯನ್ನು ನೋಡುತ್ತಿದ್ದರು. ಅಲ್ಲಿ ಏನೂ ಇರಲಿಲ್ಲ. ಅವರಿಗೆಲ್ಲ ಒಂದು ಊರಿನ ಭಾಷೆ ತಿಳಿಯುತ್ತಿದೆ, ನಾನೊಬ್ಬ ಪರದೇಶಿ ಎನ್ನಿಸಿತು.

ಅರ್ಧ ನಿಮಿಷದ ಕೊನೆಗೆ ನನಗೂ ಒಂದು ದನಿ ಕೇಳಿಸಿತು. ಗಂಡು ದನಿ. ಇಡೀ ಹಾಲ್ ತುಂಬಿ ಬಂತು: "ಸಾಕ್ ನಡಿಯವ್ವ. ಏನೂ ಇಲ್ಲ ಅಲ್ಲಿ."

ನನ್ನದೇ. ಬೆಳಿಗ್ಗೆ ಬಾಗಿಲಲ್ಲಿ ನಿಂತು ಅಂದಿದ್ದು. ಆ ರೆಕಾರ್ಡಿನಲ್ಲಿ ನನ್ನ ಕಿವಿಗೆ ದಕ್ಕಿದ್ದು ಆ ಒಂದು ಸುಳ್ಳು ಮಾತ್ರ.

ವೀರಭದ್ರಪ್ಪ ಮಾಸ್ತರರು ವೇದಿಕೆಯ ಮೇಲೆ ಎದ್ದು ನಿಂತರು. ನಲವತ್ತು ವರ್ಷ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿದ ಕೈ ಅದು. ಮೈಕು ಬೇಕಾಗಲಿಲ್ಲ. "ಎಲ್ಲಾರೂ ಏಳ್ರಿ. ಓಡಬ್ಯಾಡ್ರಿ. ಹಿಂದಿನ ಸಾಲು ಮೊದಲು" ಎಂದರು ಎಂದು ಅವರ ತುಟಿಯಿಂದ ತಿಳಿದೆ. ಅವರ ಹಳೆಯ ವಿದ್ಯಾರ್ಥಿಗಳು, ಅಜ್ಜಂದಿರಾದವರೂ ಸೇರಿ, ಸಾಲು ಮಾಡಿ ಹೊರಗೆ ನಡೆದರು. ಹಿಂದಿನ ಶಾಮಿಯಾನದ ಅಡಿಯಲ್ಲಿ ಗೋಧಿ ಹುಗ್ಗಿ ಕಾಯುತ್ತಿತ್ತು, ಅದೂ ಸ್ವಲ್ಪ ನೆರವಾಯಿತು.

ಹೊರಗೆ ಇಪ್ಪತ್ತೈದು ನಿಮಿಷ ಏನೂ ಆಗಲಿಲ್ಲ. ಗೌಡರು ನನ್ನ ಮೇಲೆ ಹರಿಹಾಯ್ದರು. "ಮುಖ್ಯ ಅತಿಥಿಗೋಳು ಬರೋ ಹೊತ್ತಿನ್ಯಾಗ ನನ್ನ ಹಾಲ್ ಖಾಲಿ ಮಾಡ್ಸಿದ್ರಿ. ಇನ್ನ ಯಾವ ಕನ್ಯಾದವರು ಇಲ್ಲಿ ಮದುವಿ ಮಾಡ್ತಾರ್ರೀ?" ಯಾರೋ ನಕ್ಕರು. ಮಾಸ್ತರರನ್ನು ಒಬ್ಬರು, "ಸರ, ಒಳಗ ಹೋಗೋಣೇನ್ರೀ?" ಎಂದು ಕೇಳಿದರು. ಅಡುಗೆಯ ಶಾಂತಮ್ಮ ಹುಗ್ಗಿಯ ಸೌಟು ಹಿಡಿದು ನನ್ನ ಪಕ್ಕದಲ್ಲಿದ್ದಳು.

ನಾನು ಉತ್ತರದ ಕಿಟಕಿಯನ್ನು ನೋಡುತ್ತಿದ್ದೆ. ಅದರಿಂದ ಧೂಳು ಉಸಿರು ಬಿಟ್ಟಂತೆ ಹೊರಗೆ ಬಂತು. ಒಮ್ಮೆ ಬಂದು ನಿಂತಿತು. ಆಮೇಲೆ ಚಾವಣಿಯ ನಡುಭಾಗ ಮುದುಕಿಯೊಬ್ಬಳು ಕೂತಂತೆ ಕೂತಿತು, ಆತುರವಿಲ್ಲದೆ. ಅಂಗಾಲಿಗೆ ನೆಲ ಬಡಿಯಿತು. ಕಿವಿಗೆ ದೂರದಲ್ಲೆಲ್ಲೋ ಟ್ರ್ಯಾಕ್ಟರಿನ ಟ್ರೇಲರ್ ಕಲ್ಲು ಸುರಿದಷ್ಟು. ಶಾಂತಮ್ಮನ ಬಾಯಿ ತೆರೆದಿತ್ತು, ಅವಳು ಕಿರುಚುತ್ತಿದ್ದಿರಬೇಕು. ಧೂಳು ಇಳಿದ ಮೇಲೆ ಎಡಗಡೆಯ ಎರಡನೆಯ ಕಂಬ ಕಂಡಿತು. ಅದರಿಂದ ನಾಲ್ಕು ಹೆಜ್ಜೆ ಹಿಂದೆ ಮೇಜು ಇರಲಿಲ್ಲ.

ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದು ಆ ಬಾಕ್ಸುಗಳಿಂದ ಏನು ಕೇಳಿಸಿತು ಎಂಬುದರಲ್ಲಿ ಇಬ್ಬರ ಮಾತು ಹೊಂದುವುದಿಲ್ಲ. ಒಬ್ಬರು ನೆಟಿಗೆ ಮುರಿದಂತೆ ಅಂದರು. ಒಬ್ಬರು ಮೇಲೆ ಯಾರೋ ಬರಿಗಾಲಲ್ಲಿ ನಡೆದಂತೆ ಎಂದರು. ಮಾಸ್ತರರ ತಾಯಿ ಆ ಜಿನ್ನಿನಲ್ಲಿ ಹತ್ತಿ ಆರಿಸುತ್ತಿದ್ದವರು. ಹತ್ತಿಬೀಜ ಕಡಿಯುವ ಸದ್ದು ಕೇಳಿತು, ಅದರ ಹಿಂದೆ ಕೆಲಸದ ಹೆಂಗಸರು ಉಸಿರು ಬಿಟ್ಟದ್ದೂ ಕೇಳಿತು ಎಂದು ಮಾಸ್ತರರು ನನಗೆ ಒಬ್ಬನಿಗೇ ಹೇಳಿದರು. ನಾನು ಅದನ್ನು ಬರೆದಿಟ್ಟಿದ್ದೇನೆ. ಅಲ್ಲಗಳೆಯಲು ನನ್ನ ಬಳಿ ಏನೂ ಇಲ್ಲ.

ಮಾರನೆಯ ದಿನ ಲಿಂಗಸುಗೂರಿಗೆ ಹೋದೆ. ಖಾಜಾಸಾಬ್ ಮಷೀನಿನ ಮುಂದೆ ಕೂತಿದ್ದ, ಬಾಯಲ್ಲಿ ಗುಂಡುಸೂಜಿ.

"ನನಗ ಕಿವಿ ಕೇಳಂಗಿಲ್ಲ, ಖಾಜಾ. ಬಹಳ ವರ್ಷ ಆತು" ಎಂದೆ.

ಅವನು ಸೂಜಿಗಳನ್ನು ಒಂದೊಂದಾಗಿ ತೆಗೆದು ಅಯಸ್ಕಾಂತದ ಕಲ್ಲಿಗೆ ಅಂಟಿಸಿದ. "ಅರೆ, ಇಪ್ಪತ್ತು ವರ್ಷದಿಂದ ನಿನ್ನ ಬೆನ್ನ ಹಿಂದ ಬೈಕೋತ ಬಂದೀನಿ. ಒಂದೂ ಮುಟ್ಟಿಲ್ಲೇನಲೇ?"

ಇಬ್ಬರೂ ನಕ್ಕೆವು. ಆಮೇಲೆ ಅವನು ಮಷೀನಿನ ಗಾಲಿಯನ್ನು ಕೈಯಿಂದ ಒಮ್ಮೆ ತಿರುಗಿಸಿದ. "ಈ ದಂಧೇನ ನಿನ್ನ ಕಿವಿ ತಿಂತು. ಅದ ದಂಧೆಕ್ಕ ನನ್ನ ಮಗಳನ್ನ ಕಳಸು ಅಂತಿ?"

"ನಾ ಬ್ಯಾಡ ಅನ್ನಬೇಕಂತ ಮಾತು ಕೊಟ್ಟಿದ್ದೆ. ಆ ಮಾತು ವಾಪಸ್ ತಗೋತೀನಿ. ಆಕಿ ಕೇಳೋದನ್ನ ನಾ ಯಾವತ್ತೂ ಕೇಳಿದವನಲ್ಲ. ಕಿವಿ ಇದ್ದಾಗೂ ಕೇಳಿಲ್ಲ" ಎಂದೆ. "ಹೋಗ್ಲಿ. ಆದ್ರ ವರ್ಷಕ್ಕೊಮ್ಮೆ ಡಾಕ್ಟರ ಹತ್ರ ಕಿವಿ ತೋರ್ಸಬೇಕು, ಅಷ್ಟ ಕರಾರು ಮಾಡ್ಕೋ."

ಅವನು ಸಹಿ ಹಾಕಿದ್ದು ಎರಡು ವಾರದ ಮೇಲೆ, ಉರ್ದುವಿನಲ್ಲಿ, ಬಟ್ಟೆಗೆ ಗುರುತು ಹಾಕುವಷ್ಟು ನಿಧಾನವಾಗಿ.

ನಸ್ರೀನ್ ಈಗ ಹೈದರಾಬಾದಿನ ಒಂದು ಡಬ್ಬಿಂಗ್ ಸ್ಟುಡಿಯೋದಲ್ಲಿದ್ದಾಳೆ. ಧಾರಾವಾಹಿಗಳ ಖಾಲಿ ಕೋಣೆಗಳಿಗೆ ಖಾಲಿ ಸದ್ದು ತುಂಬುತ್ತಾಳೆ. ಕೊನೆಯಲ್ಲಿ ಹೆಸರುಗಳು ಓಡುತ್ತವಲ್ಲ, ಅದರಲ್ಲಿ ಅವಳ ಹೆಸರೂ ಇರುತ್ತದಂತೆ. ಓದಲು ಪುರುಸೊತ್ತು ಕೊಡುವುದಿಲ್ಲ. ಕೆಲಸ ಒಮ್ಮೆ ಹಗಲಿರುಳು, ಒಮ್ಮೆ ತಿಂಗಳು ಪೂರ್ತಿ ಇಲ್ಲ. "ಬೇಜಾರೇನವ್ವಾ?" ಎಂದು ಕೇಳಿದರೆ, "ಬ್ಯಾಸರಾದಾಗ ಬ್ಯಾಸರಾ ಹೆಂಗ ಕೇಳ್ತೈತಿ ಅಂತ ಹಿಡೀತೀನಿ ಕಾಕಾ" ಎನ್ನುತ್ತಾಳೆ.

ನಾನು ರಾಯಚೂರಿನಲ್ಲಿ ಕಿವಿ ಪರೀಕ್ಷೆ ಮಾಡಿಸಿದೆ. ಅಲ್ಲಿಯ ಹೆಣ್ಣುಮಗಳು, "ಈ ಸೀಟಿ ಯಾವಾಗಿಂದ ಐತ್ರೀ?" ಎಂದಾಗ, "ಅದು ಎಲ್ಲಾರಿಗೂ ಇರೋದಲ್ಲೇನ್ರೀ?" ಎಂದು ಕೇಳಿದೆ. ಅವಳು ಪೆನ್ನು ಕೆಳಗಿಟ್ಟಳು. ಈಗ ಎರಡು ಕಿವಿಗೂ ಯಂತ್ರವಿದೆ. ಮೊದಲ ದಿನ ನನ್ನ ಹೆಂಡತಿ ಬಳೆ ಸರಿಸಿಕೊಂಡದ್ದು ಕೇಳಿ ಬೆಚ್ಚಿಬಿದ್ದೆ. ಆದರೆ ಆ ಅರ್ಧ ನಿಮಿಷವನ್ನು ನಾನಿನ್ನೂ ಕೇಳಿಲ್ಲ. ನಸ್ರೀನ್ ಕಳಿಸಿದ್ದಾಳೆ, ಮೊಬೈಲಿನಲ್ಲಿದೆ. ಬೆರಳು ಅದರ ಹತ್ತಿರ ಹೋಗುತ್ತದೆ, ವಾಪಸು ಬರುತ್ತದೆ.

ಅಂಗನವಾಡಿ ಟೀಚರ್ ನಿನ್ನೆ ಮಗನೊಡನೆ ಬಂದರು. ಎಂದಿನ ಪಟ್ಟಿ ಒಪ್ಪಿಸಲಿಲ್ಲ. ಮೇಲಿನದನ್ನೆಲ್ಲ ಅವರಿಬ್ಬರ ಎದುರು ಮೊದಲಿನಿಂದ ಹೇಳಿದೆ, ನನ್ನ ಸುಳ್ಳನ್ನೂ ಸೇರಿಸಿ. ಅಂಗಡಿಯಲ್ಲಿ ಯಾರಾದರೂ ಗಿರಾಕಿ ಕೇಳಿಸಿಕೊಳ್ಳುತ್ತಾರೇನೋ ಎಂದು ಧ್ವನಿ ತಗ್ಗಿಸಲಿಲ್ಲ. ಟೀಚರ್ ಕೊನೆಗೆ, "ಕೆಲಸ ಐತಿ ಅಂತೀರೋ, ಬ್ಯಾಡ ಅಂತೀರೋ?" ಎಂದರು. "ಕೆಲಸ ಐತ್ರೀ. ಗೊತ್ತಿಲ್ಲದಾಗ ಗೊತ್ತಿಲ್ಲ ಅನ್ನೋದನ್ನ ಕಲೀಲಿ. ನಾ ಅದನ್ನ ಕಲೀಲಾರದ ಇನ್ನೂರು ಮಂದಿನ್ನ ತೊಲಿ ಕೆಳಗ ಕೂಡಿಸಿದ್ದೆ" ಎಂದೆ.

ಮಗ ನನ್ನ ಮಾತನ್ನು ನಂಬಬೇಕೋ ಬೇಡವೋ ಎಂಬಂತೆ ನೋಡಿದ. ಅದು ಸರಿಯೇ. ನನ್ನೊಬ್ಬನ ಮಾತು ಸಾಲದು. ಹಾಗಾಗಿ ಅವನಿಗೆ ಕೊಟ್ಟ ಹೆಸರುಗಳನ್ನೇ ಇಲ್ಲಿಯೂ ಬರೆಯುತ್ತೇನೆ. ಚಾವಣಿ ಕೂತದ್ದನ್ನು ಕಣ್ಣಾರೆ ನೋಡಿದವರಲ್ಲಿ ವೀರಭದ್ರಪ್ಪ ಮಾಸ್ತರರು ಹೋದ ವರ್ಷ ತೀರಿಕೊಂಡರು. ಅಮರೇಗೌಡರು ಇದ್ದಾರೆ, ಆ ಜಾಗವನ್ನು ಖಾಲಿ ಬಿಟ್ಟಿದ್ದಾರೆ, ಕೇಳಿದರೆ ಹೇಳುತ್ತಾರೆ. ಅಡುಗೆಯ ಶಾಂತಮ್ಮ ಮಸ್ಕಿಯಲ್ಲೇ ಇದ್ದಾಳೆ. ನಾನು ಇದ್ದೇನೆ. ನಸ್ರೀನೂ ಆ ಹೊತ್ತಿನಲ್ಲಿ ಅಂಗಳದಲ್ಲೇ ಇದ್ದಳು, ನನ್ನಿಂದ ಮೂರು ಮಾರು ದೂರ. ಆದರೆ ನೋಡಿದವರ ಸಾಲಿನಲ್ಲಿ ಅವಳ ಹೆಸರು ಸೇರಿಸಲಾರೆ. ಅವಳು ಗೋಡೆಯ ಕಡೆಗೆ ರೆಕಾರ್ಡರ್ ಹಿಡಿದು, ಹೆಡ್‌ಫೋನ್ ಹಾಕಿಕೊಂಡು, ಎರಡೂ ಕಣ್ಣು ಮುಚ್ಚಿಕೊಂಡಿದ್ದಳು.